ಎಐಗೆ ಬಸವನಗುಡಿಯಿಂದ ಒಂದು ಬಹಿರಂಗ ಪತ್ರ

ಕೃತಕ ಬುದ್ಧಿಮತ್ತೆಯೇ,

ಪರಿಸರ ಉಳಿಸಲು ನೀನು ಬಂದಿದ್ದೀಯ ಎನ್ನುತ್ತಾರೆ. ಸಂತೋಷ. ಮನೆಗೆ ಬಂದವರಿಗೆ ಮೊದಲು ನೀರು ಕೊಡುವವರು ನಾವು. ಹಾಗಾಗಿ ನೀರಿನ ಮಾತೇ ಮೊದಲು.

ನಮ್ಮ ನಲ್ಲಿಗೆ ಬರುವ ಕಾವೇರಿ ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ, ತಾತಗುಣಿ ಪಂಪ್‌ಹೌಸ್‌ ದಾಟಿ, ಹತ್ತಿರ ಹತ್ತಿರ ಅರ್ಧ ಕಿ.ಮೀ. ಎತ್ತರ ಏರಿ ಬರುತ್ತಾಳೆ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೇ ಹಂತದ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಇಷ್ಟು ಕರೆಂಟು ಸುರಿದು ಮೇಲೆತ್ತಿದ ನೀರಲ್ಲಿ ಕಾಲುಭಾಗಕ್ಕೂ ಹೆಚ್ಚು ಲೆಕ್ಕಕ್ಕೇ ಸಿಗುತ್ತಿಲ್ಲ ಎಂದು ಬೆಂಗಳೂರು ಜಲಮಂಡಳಿಯೇ ಹೇಳುತ್ತಾ ಬಂದಿದೆ.

ಚಾಮರಾಜಪೇಟೆ, ಮಲ್ಲೇಶ್ವರದ ಹಳೆಯ ಅಡ್ಡರಸ್ತೆಗಳಲ್ಲಿ ಹೀಗೆ ಸೋರುವ ನೀರು ಕಣ್ಣಿಗೇ ಬೀಳುತ್ತದೆ. ನೆತ್ತಿ ಸುಡುವ ಮಾರ್ಚ್‌ನಲ್ಲೂ ವಾಲ್ವ್‌ ಚೇಂಬರಿನ ಅಂಚಿಗೆ ಹಸಿ ಪಾಚಿ. ನೀರು ಬಿಟ್ಟ ಹೊತ್ತಿಗೆ ಡಾಂಬರಿನ ಬಿರುಕಲ್ಲಿ ಸಣ್ಣ ಬುಗ್ಗೆ. ಕಾಣದ ಸೋರಿಕೆಗೆ ರಾತ್ರಿ ಸದ್ದಡಗಿದ ಮೇಲೆ ನೆಲಕ್ಕೆ ಸರಳು ಊರಿ, ಕಿವಿಗೊಟ್ಟು ಆಲಿಸುವ ಪದ್ಧತಿಯಿದೆ. ಒಂದು ಕಿವಿ ಒಂದು ಬೀದಿಯನ್ನಷ್ಟೇ ಕೇಳೀತು. ನೀನು ಸಾವಿರ ಸೆನ್ಸರ್‌ಗಳ ಸದ್ದನ್ನು ಒಟ್ಟಿಗೆ ಕೇಳಬಲ್ಲೆ. ದಯವಿಟ್ಟು ಈ ಕೆಲಸ ಮಾಡು. ನಿನ್ನಿಂದ ಈ ಊರಿಗೆ ಆಗಬಹುದಾದ ದೊಡ್ಡ ಉಪಕಾರ ಇದೇ ಎಂದು ನಾನು ನಂಬಿದ್ದೇನೆ. ಅಗೆದು ಪೈಪು ಬದಲಿಸುವವರು ಮಾತ್ರ ಮನುಷ್ಯರೇ. ಅವರಿಗೆ ಸಂಬಳ, ಸಾಮಾನು ಎರಡೂ ಹೊತ್ತಿಗೆ ಸಿಗಬೇಕು.

ಆದರೆ ವೃಷಭಾವತಿಗೆ ನಿನ್ನ ಬುದ್ಧಿ ಬೇಕಿಲ್ಲ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದಳೆಂದು ನಾವು ನಂಬುವ ಈ ನದಿ ಮೈಸೂರು ರಸ್ತೆಯ ಪಕ್ಕ ಕೊಳಚೆಯಾಗಿ ಹರಿದು ಬೈರಮಂಗಲ ಕೆರೆ ಸೇರುತ್ತಾಳೆ. ಕಾರಣ ಎಲ್ಲರಿಗೂ ಗೊತ್ತು: ಶುದ್ಧೀಕರಿಸದೆ ಬಿಟ್ಟ ಚರಂಡಿ ನೀರು, ಕಾರ್ಖಾನೆಗಳ ತ್ಯಾಜ್ಯ.

ಇನ್ನು ನಿನ್ನ ದಾಹ. ನೀನು ಓಡುವುದು ಡೇಟಾ ಸೆಂಟರ್‌ಗಳಲ್ಲಿ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಲೆಕ್ಕದಲ್ಲಿ, 2024ರಲ್ಲಿ ಜಗತ್ತಿನ ವಿದ್ಯುತ್ತಿನಲ್ಲಿ ಸುಮಾರು ಶೇ 1.5ರಷ್ಟನ್ನು ಡೇಟಾ ಸೆಂಟರ್‌ಗಳು ಬಳಸಿವೆ. ಅವುಗಳ ಯಂತ್ರ ತಣಿಸಲು ಹಲವೆಡೆ ನೀರನ್ನೇ ಆವಿ ಮಾಡುತ್ತಾರೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ ಬತ್ತಿ, ಟ್ಯಾಂಕರ್‌ಗೆ ಕಾದು ಕೂತ ಊರಿದು.

ಈ ಪತ್ರವನ್ನು ಓದಬೇಕಾದವರು ನಿನ್ನನ್ನು ನಡೆಸುವವರು, ಅವರಿಗೆ ಪರವಾನಗಿ ಕೊಡುವವರು. ಅವರಲ್ಲಿ ನನ್ನ ಬೇಡಿಕೆ ಇಷ್ಟೇ: ಬೆಂಗಳೂರಿನ ಪ್ರತಿ ಡೇಟಾ ಸೆಂಟರ್‌ ಎಷ್ಟು ನೀರು ಬಳಸುತ್ತದೆಂದು ವರ್ಷವರ್ಷ ಪ್ರಕಟಿಸಿ. ಯಂತ್ರ ತಣಿಸಲು ಸಂಸ್ಕರಿಸಿದ ನೀರನ್ನೇ ಬಳಸಿ. ಕಾವೇರಿಯನ್ನು ಕುಡಿಯುವವರಿಗೆ ಬಿಡಿ.