ಜೊಸಿಮಸ್ ಮೀಮಾಂಸೆ: ಕಡ ತಂದ ವಿಷದ ಮೇಲೊಂದು ಪ್ರೌಢ ಪ್ರಬಂಧ

ಶಾಸ್ತ್ರಗಳಲ್ಲಿ ಏಡಿಗೆ ಸಲ್ಲಬೇಕಾದ ಮರ್ಯಾದೆ ಸಂದಿಲ್ಲ. ರಾಶಿಚಕ್ರದಲ್ಲಿ ಒಂದು ಮನೆ ಕೊಟ್ಟು ಹಿರಿಯರು ಕೈತೊಳೆದುಕೊಂಡಿದ್ದಾರೆ. ಆ ಕೊರತೆ ನೀಗಲೆಂದು ಜೊಸಿಮಸ್ ಎಂಬ ವಿಷದ ಏಡಿಗಳ ಕುಲವನ್ನು ಕೈಗೆತ್ತಿಕೊಂಡಿದ್ದೇನೆ. ಬಾಯಿಗೆ ಇಟ್ಟಿಲ್ಲ.

ಮೊದಲು ನಾಮನಿರ್ವಚನ. ಈ ಕುಲದ ಪ್ರಸಿದ್ಧ ಪ್ರಭೇದಕ್ಕೆ 1758ರಲ್ಲಿ ‘ಈನಿಯಸ್’, ಎಂದರೆ ಕಂಚಿನದು, ಎಂದು ಹೆಸರಿಟ್ಟವನು ಲಿನೇಯಸ್. ‘ಜೊಸಿಮಸ್’ ಎಂಬ ಕುಲನಾಮ 1818ರಲ್ಲಿ ಲೀಚ್ ಕೊಟ್ಟದ್ದು. ಗ್ರೀಕಿನಲ್ಲಿ ಆ ಪದಕ್ಕೆ ಬದುಕಿ ಉಳಿಯಬಲ್ಲವನು ಎಂಬರ್ಥ. ಯಾರು ಉಳಿಯುವುದು? ತಿಂದವರಲ್ಲಿ ಕೆಲವರು ಉಳಿದಿಲ್ಲ. ತಿನ್ನಿಸಿಕೊಂಡದ್ದು ಅದಕ್ಕೂ ಮೊದಲೇ ಬೆಂದುಹೋಗಿತ್ತು. ನಿರ್ವಚನ ಎರಡೂ ಕಡೆ ಸೋತಿತು.

ಇನ್ನು ಲಕ್ಷಣ. ಪೂರ್ವ ಆಫ್ರಿಕಾದಿಂದ ಹವಾಯಿವರೆಗೂ ಹವಳದ ದಿಬ್ಬಗಳಲ್ಲಿ ಇದರ ವಾಸ. ನಮ್ಮ ಲಕ್ಷದ್ವೀಪದಲ್ಲೂ ಉಂಟು. ಅಂಗೈಯಗಲದ ಚಿಪ್ಪು, ಮೇಲೆಲ್ಲ ಗಂಟುಗಂಟಾದ ಉಬ್ಬು, ಕೆನೆಬಣ್ಣದ ಮೈಗೆ ಕೆಂಗಂದು ಮಚ್ಚೆ, ಇಕ್ಕಳದ ಬೆರಳು ಮಸಿಯಲ್ಲಿ ಅದ್ದಿದಂತೆ ಕಪ್ಪು. ಮಸಿ ಕಂಡೊಡನೆ ಇದು ವಿದ್ವಾಂಸ ಜಾತಿಯೆಂದು ಊಹಿಸಿದೆ. ಊಹೆ ಸುಳ್ಳಾಗಲಿಲ್ಲ.

ಏಕೆಂದರೆ ಇದರ ವಿಷ ಸ್ವಂತ ಸಂಪಾದನೆಯಲ್ಲ. 1960ರ ದಶಕದಲ್ಲಿ ಜಪಾನಿನ ಹಶಿಮೊಟೊ ಮತ್ತು ಸಂಗಡಿಗರು ರ್ಯುಕ್ಯು, ಅಮಾಮಿ ದ್ವೀಪಗಳ ಏಡಿಗಳಲ್ಲಿ ವಿಷವನ್ನು ಗುರುತಿಸಿದರು. ಅದರ ಮೂಲ ಹುಡುಕುತ್ತ ಹೋದವರಿಗೆ ಆಮೇಲೆ ಸಿಕ್ಕಿದ್ದು ಜೇನಿಯಾ ಎಂಬ ಕೆಂಪು ಪಾಚಿ. ಏಡಿ ಅದನ್ನು ಮೇಯುತ್ತದೆ. ಅಡಿಟಿಪ್ಪಣಿ ಕೊಡದೆ ಮೈಗೆ ಸೇರಿಸಿಕೊಳ್ಳುತ್ತದೆ. ವಿಷದ ಹೆಸರುಗಳೂ ಎರವಲೇ: ಸ್ಯಾಕ್ಸಿಟಾಕ್ಸಿನ್ ಎಂಬುದು ಒಂದು ಬಗೆಯ ಚಿಪ್ಪುಜೀವಿಯಿಂದ ಬಂದ ಹೆಸರು, ಟೆಟ್ರೊಡೊಟಾಕ್ಸಿನ್ ಎಂಬುದು ಪಫರ್ ಮೀನಿನ ಬಳಗದ್ದು. ಒಂದು ದಿಬ್ಬದ ಏಡಿ ಘೋರ ವಿಷ, ಇನ್ನೊಂದು ದಿಬ್ಬದ್ದು ಸಪ್ಪೆ. ಎಲ್ಲ ಆಯಾ ಊರಿನ ಗ್ರಂಥಾಲಯದ ಮೇಲೆ ಹೋಗುತ್ತದೆ. ಇಷ್ಟೆಲ್ಲ ಗುಡ್ಡೆ ಹಾಕಿಕೊಂಡರೂ ತನ್ನ ನರಕ್ಕೆ ಏನೂ ತಾಗದು. ಜೋಮು ಹಿಡಿಯುವುದು ಸೇವಿಸಿದವರಿಗೆ. ವಿಚಾರಸಂಕಿರಣಗಳಲ್ಲಿ ಕೂತವರಿಗೆ ಇದರ ಅನುಭವವಿದೆ.

ಪೂರ್ವಪಕ್ಷ: ಚೆನ್ನಾಗಿ ಕುದಿಸಿದರೆ ವಿಷ ಹೋಗುವುದಿಲ್ಲವೇ?

ಸಿದ್ಧಾಂತ: ಹೋಗುತ್ತದೆ, ಸಾರಿಗೆ. ಅದು ಬೆಂಕಿಗೆ ಕೆಡುವಂಥದ್ದಲ್ಲ, ನೀರಿಗೆ ಇಳಿಯುವಂಥದ್ದು.

ಪೂರ್ವಪಕ್ಷ: ಸಾರು ಚೆಲ್ಲಿ, ಇಕ್ಕಳದ ಮಾಂಸವನ್ನಷ್ಟೇ ತಿಂದರೆ?

ಸಿದ್ಧಾಂತ: ಚಿಪ್ಪಿನ ಜೊತೆಗೆ ವಿಷ ಹೆಚ್ಚಿರುವುದೇ ಇಕ್ಕಳ, ಕಾಲುಗಳ ಮಾಂಸದಲ್ಲಿ.

ಪೂರ್ವಪಕ್ಷ: ತಿಂದವರನ್ನೇ ಕೇಳಿದರಾಯಿತಲ್ಲ?

ಕೇಳಬಹುದು, ಬೇಗ ಕೇಳಬೇಕು. ಮೊದಲು ತುಟಿ ಜುಮುಗುಡುತ್ತದೆ, ಆಮೇಲೆ ನಾಲಗೆ, ಬೆರಳ ತುದಿ. ಕಾಲು ಸೋಲುತ್ತದೆ, ಮಾತು ತೊದಲುತ್ತದೆ. ಕೊನೆಗೆ ಉಸಿರಾಟದ ಸ್ನಾಯು ಕೈಕೊಡುತ್ತದೆ. ಎಚ್ಚರ ಮಾತ್ರ ಬಹಳ ಹೊತ್ತು ಇರುತ್ತದೆ.

ಇಲ್ಲಿಗೆ ತಮಾಷೆ ಸಾಕು. ಈ ವಿಷಕ್ಕೆ ಪ್ರತಿವಿಷವಿಲ್ಲ. ಯಂತ್ರದಿಂದ ಉಸಿರಾಡಿಸುತ್ತ, ವಿಷ ಮೂತ್ರದಲ್ಲಿ ಹೊರಹೋಗುವ ತನಕ ಕಾಯುವುದೇ ಚಿಕಿತ್ಸೆ.