ಚೆಕಿಂಗ್... ಯೆಸ್

ಲಿನಕ್ಸ್ ಕಂಪ್ಯೂಟರಿನಲ್ಲಿ ಪೈಥಾನ್ ಬೇಕೆಂದವರು ಮಾಡಬೇಕಾದ್ದು ಹೆಚ್ಚೇನಿಲ್ಲ. ಬಹುಪಾಲು ಕಡೆ ಅದು ಮೊದಲೇ ಬಂದು ಕೂತಿರುತ್ತದೆ. ಇಲ್ಲದಿದ್ದರೆ ಒಂದು ಸಾಲು ಟೈಪ್ ಮಾಡಿ, ಪಾಸ್‌ವರ್ಡ್ ಕೊಟ್ಟು, ಕಾಫಿ ಬಿಸಿ ಮಾಡಿಕೊಳ್ಳಲು ಎದ್ದರೆ ಕಾಫಿ ಬಿಸಿಯಾಗುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಇಷ್ಟು ಸಲೀಸಾದ ಕೆಲಸವನ್ನು ಅರ್ಧ ದಿನಕ್ಕೆ ಎಳೆಯಬಲ್ಲ ಒಂದು ಪಂಗಡ ಇದೆ. ಈ ಪಂಗಡದವರು ಸಿದ್ಧ ಪ್ಯಾಕೇಜನ್ನು ಮುಟ್ಟುವುದಿಲ್ಲ. ಸೋರ್ಸ್ ಕೋಡ್ ಇಳಿಸಿಕೊಂಡು, ಗಂಟು ಬಿಚ್ಚಿ, ತಮ್ಮ ಮೆಷಿನ್ನಿನಲ್ಲೇ ಕಂಪೈಲ್ ಮಾಡಿ, ತಮ್ಮದೇ ಆದ ಇಂಟರ್‌ಪ್ರಿಟರ್ ಕಟ್ಟಿಕೊಳ್ಳುತ್ತಾರೆ. ಯಾಕೆ ಎಂದು ಕೇಳಿದರೆ ‘ಹೊಸ ವರ್ಷನ್ ಬೇಕಿತ್ತು’ ಎನ್ನುತ್ತಾರೆ. ನಂಬಬೇಡಿ. ನಾನೂ ಅದೇ ಪಂಗಡದವನು, ನಾನೂ ಹಾಗೇ ಹೇಳುವುದು.

‘ಸುರಕ್ಷತೆಗಾಗಿ’ ಎನ್ನುವವರೂ ಉಂಟು. ಕಣ್ಣೆದುರು ಇರುವ ಕೋಡಿನಿಂದ ನಾವೇ ಕಟ್ಟಿದರೆ ಒಳಗೆ ಯಾರೂ ಏನೂ ಬೆರೆಸಿರಲಾರರು ಎಂಬ ಭರವಸೆ. ಯುನಿಕ್ಸಿನ ಜನಕರಲ್ಲೊಬ್ಬರಾದ ಕೆನ್ ಥಾಂಪ್ಸನ್ 1984ರಲ್ಲಿ ಅಚ್ಚಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ಈ ಭರವಸೆಯ ಬುಡಕ್ಕೇ ಕೊಡಲಿ ಇಟ್ಟರು. ಕಳ್ಳಬಾಗಿಲನ್ನು ಕಂಪೈಲರಿನಲ್ಲೇ ಇಟ್ಟುಬಿಟ್ಟರೆ, ಸೋರ್ಸ್ ಕೋಡಿನಲ್ಲಿ ಎಷ್ಟು ಹುಡುಕಿದರೂ ಅದರ ಸುಳಿವು ಸಿಗದು ಎಂದು ತೋರಿಸಿಕೊಟ್ಟರು. ಪೂರ್ತಿ ಕೋಡನ್ನು ಓದಿ ಆಮೇಲೆ ಕಂಪೈಲ್ ಮಾಡುವ ಪುಣ್ಯಾತ್ಮರನ್ನಂತೂ ನಾನು ಇನ್ನೂ ಕಂಡಿಲ್ಲ. ಹಾಗಾಗಿ ಇದೊಂದು ಚಟ ಎಂದು ಒಪ್ಪಿಕೊಂಡು ಮುಂದೆ ಹೋಗುವುದೇ ವಾಸಿ.

ಪೈಥಾನ್ 3.12ರ ಗಂಟು ಸುಮಾರು 20 ಎಂಬಿ. ನಮ್ಮ ಬಂಧುಬಳಗದ ವಾಟ್ಸಾಪ್ ಗ್ರೂಪಿನಲ್ಲಿ ಬೆಳಗಿನ ಶುಭಾಶಯಗಳೇ ವಾರಕ್ಕೆ ಅದಕ್ಕಿಂತ ಹೆಚ್ಚು ಜಾಗ ತಿನ್ನುತ್ತವೆ. ಗಂಟು ಬಿಚ್ಚಿ ಒಳಗೆ ಹೋದರೆ ಕೊಡಬೇಕಾದ ಮೊದಲ ಆಜ್ಞೆ ಕಾನ್ಫಿಗರ್. ಮದುವೆ ಮನೆಗೆ ಹಿಂದಿನ ದಿನವೇ ಬಂದಿಳಿಯುವ ಅಡಿಗೆ ಭಟ್ಟರ ಸ್ವಭಾವ ಇದರದ್ದು. ‘ಸಾಮಾನೆಲ್ಲ ಬಂದಿದೆ ಭಟ್ರೇ’ ಎಂದರೆ ಅವರು ಕಿವಿಗೆ ಹಾಕಿಕೊಳ್ಳುವುದಿಲ್ಲ. ಉಗ್ರಾಣದ ಬಾಗಿಲು ತೆಗೆಸಿ, ಬೇಳೆಯನ್ನು ಅಂಗೈಗೆ ಸುರಿದುಕೊಂಡು ನೋಡಿ, ಒಲೆಯನ್ನು ಒಮ್ಮೆ ಹೊತ್ತಿಸಿ ಆರಿಸಿ, ಆಮೇಲೆ ‘ಹೂಂ’ ಎನ್ನುತ್ತಾರೆ. ಕಾನ್ಫಿಗರ್ ಸಹ ಹಾಗೇ. ಸಿ ಕಂಪೈಲರ್ ಇದೆಯೇ? ಯೆಸ್. ಇದ್ದದ್ದು ಕೆಲಸ ಮಾಡುತ್ತದೆಯೇ? ಯೆಸ್. ಇಲ್ಲಿ ಒಂದು ಇಂಟ್ ಎಂದರೆ ಎಷ್ಟು ಬೈಟು? ನಾಲ್ಕು. ಬೈಟುಗಳನ್ನು ದೊಡ್ಡ ತುದಿಯಿಂದ ಜೋಡಿಸುತ್ತೀರೋ? ನೋ. ಹೀಗೆ ನೂರಾರು ಪ್ರಶ್ನೆ. ಯಾವುದಕ್ಕೂ ನಾವು ಉತ್ತರ ಹೇಳಬೇಕಿಲ್ಲ. ಹೇಳಿದರೂ ಅದು ನಂಬುವುದಿಲ್ಲ. ಹೆಚ್ಚಿನ ಪ್ರಶ್ನೆಗಳಿಗೆ ಒಂದೊಂದು ಚೋಟುದ್ದದ ಸಿ ಪ್ರೋಗ್ರಾಂ ತಾನೇ ಬರೆದು, ಕಂಪೈಲ್ ಆಗುತ್ತದೋ ಇಲ್ಲವೋ ನೋಡಿ, ಗುರುತು ಹಾಕಿಕೊಂಡು ಅಳಿಸಿಬಿಡುತ್ತದೆ.

ಇಂಥ ಕಾನ್ಫಿಗರ್ ಸ್ಕ್ರಿಪ್ಟುಗಳನ್ನು ಹೆರುವ ಆಟೋಕಾನ್ಫ್ ಎಂಬ ಸಾಧನವನ್ನು ಡೇವಿಡ್ ಮೆಕೆಂಜಿ 1991ರಲ್ಲಿ ಶುರುಮಾಡಿದರು. ಆಗ ಸನ್, ಎಚ್‌ಪಿ, ಐಬಿಎಂ, ಡಿಇಸಿ, ಒಂದೊಂದು ಕಂಪನಿಗೂ ಒಂದೊಂದು ಯುನಿಕ್ಸ್, ಒಂದರ ಮಡಿ ಇನ್ನೊಂದಕ್ಕೆ ಮೈಲಿಗೆ. ಆ ಯುನಿಕ್ಸುಗಳಲ್ಲಿ ಎಷ್ಟೋ ಕಾಲವಾದವು. ಪ್ರಶ್ನೆಗಳು ಮಾತ್ರ ಉಳಿದುಕೊಂಡಿವೆ. ಗ್ನೂ ಬಳಗದ ಹಲವು ಸಾಫ್ಟ್‌ವೇರುಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ಸುತ್ತಲಿನ ವಾತಾವರಣದ ಬುದ್ಧಿ ಸ್ಥಿಮಿತದಲ್ಲಿದೆಯೇ’ ಎಂದು ವಿಚಾರಿಸುತ್ತವೆ. ಮೊದಲ ಸಲ ಓದಿದಾಗ ನನ್ನನ್ನೇ ಕುರಿತದ್ದು ಅಂದುಕೊಂಡಿದ್ದೆ. ಅದು ನೋಡುವುದು ಮುಖ್ಯವಾಗಿ ಗಡಿಯಾರವನ್ನು. ಈಗಷ್ಟೇ ಹುಟ್ಟಿಸಿದ ಫೈಲು ಹಳೆಯ ಫೈಲಿಗಿಂತ ಹಳೆಯದೆಂದು ತೋರಿದರೆ ಮೆಷಿನ್ನಿಗೆ ಕಾಲಜ್ಞಾನ ಕೆಟ್ಟಿದೆ ಎಂದು ಲೆಕ್ಕ.

ಯಾರ ಮಾತನ್ನೂ ನಂಬದ ಈ ಗುಣವನ್ನು ನಾನು ಸೌಜನ್ಯವೆಂದೇ ಬಗೆಯುತ್ತೇನೆ. ನಿನ್ನ ಮನೆ ಹೀಗೇ ಇರಬೇಕು ಎಂದು ಹಠ ಹಿಡಿಯದೆ, ಹೇಗಿದೆ ಎಂದು ನೋಡಿ ತಿಳಿದುಕೊಂಡು ಅದಕ್ಕೆ ತಕ್ಕಂತೆ ತಾನು ಬದಲಾಗುವ ಸಾಫ್ಟ್‌ವೇರ್ ಈಗ ಎಷ್ಟಿದೆ? ಫೋನಿನ ಆ್ಯಪುಗಳು ಕೇಳುವುದು ಒಂದೇ ಪ್ರಶ್ನೆ, ‘ಐ ಅಗ್ರೀ’. ಅದಕ್ಕೂ ನಾವೇ ಒಪ್ಪಬೇಕು.

ಸೌಜನ್ಯದ ಜೊತೆಗೆ ಮಾತುಗಾರಿಕೆಯೂ ಬೇಕೆಂದರೆ ಪರ್ಲ್ ಕಟ್ಟಬೇಕು. ಲ್ಯಾರಿ ವಾಲ್ 1987ರ ಡಿಸೆಂಬರಿನಲ್ಲಿ ಹೊರಬಿಟ್ಟ ಭಾಷೆ ಅದು. ಅದರ ಕಾನ್ಫಿಗರ್ ಆಟೋಕಾನ್ಫಿನ ಸಂತಾನವಲ್ಲ, ಅದಕ್ಕಿಂತ ಹಳೆಯ ಮನೆತನದ್ದು. ಇಂಗ್ಲಿಷಿನಲ್ಲಿ ಹೆಸರಿನ ಮೊದಲಕ್ಷರವನ್ನೂ ದೊಡ್ಡದಾಗಿ ಬರೆಯಬೇಕೆಂಬ ಠೀವಿ. ಅದು ನಿಜಕ್ಕೂ ನಮ್ಮೊಡನೆ ಮಾತಿಗೆ ಕೂರುತ್ತದೆ. ಮೊದಲು ಗಂಟಿನಲ್ಲಿ ಎಲ್ಲ ಫೈಲೂ ಇವೆಯೇ ಎಂದು ಎಣಿಸಿ ಸಮಾಧಾನಪಡುತ್ತದೆ. ನಕ್ಷತ್ರ ಇಲ್ಲಿರಬೇಕು ನೋಡು ಎಂದು ಒಂದು ಬಾಣ ಬರೆದು ಅದರ ತುದಿಗೆ ನಕ್ಷತ್ರ ಇಡುತ್ತದೆ. ಇದು ಕ್ಸೀನಿಕ್ಸ್ ಅಲ್ಲ, ವೀನಿಕ್ಸೂ ಅಲ್ಲ ಎಂದು ತನ್ನಷ್ಟಕ್ಕೆ ಗೊಣಗಿಕೊಳ್ಳುತ್ತದೆ. ಅಭಿನಂದನೆಯನ್ನೂ ಸಲ್ಲಿಸುತ್ತದೆ, ನೀವು ಯೂನಿಸ್ ಬಳಸುತ್ತಿಲ್ಲವಾದ್ದರಿಂದ! ಯೂನಿಸ್ ಎಂದರೆ ವಿಎಂಎಸ್ ಎಂಬ ಬೇರೆಯೇ ಆಪರೇಟಿಂಗ್ ಸಿಸ್ಟಮ್ಮಿನ ಮೇಲೆ ಯುನಿಕ್ಸಿನ ವೇಷ ಕಟ್ಟಿ ಕುಣಿಯುತ್ತಿದ್ದ ಒಂದು ಸಾಫ್ಟ್‌ವೇರ್. ವೇಷ ಕಳಚಿ ದಶಕಗಳಾದವು. ಅದರ ಕಾಟ ತಿಂದವರ ನಿಟ್ಟುಸಿರು ಮಾತ್ರ ಇವತ್ತು ಪರ್ಲ್ ಕಟ್ಟುವ ಕಾಲೇಜು ಹುಡುಗರಿಗೂ ತಲುಪುತ್ತಿದೆ.

ಅಷ್ಟಕ್ಕೇ ಮುಗಿಯಲಿಲ್ಲ. ನಿಮ್ಮ ಡೊಮೇನ್ ಹೆಸರೇನು ಎನ್ನುತ್ತದೆ. ಈ ಸ್ಥಳದಲ್ಲಿ ಪರ್ಲ್ ಆಡಳಿತಾಧಿಕಾರಿ ಯಾರು, ಅವರ ಇಮೇಲ್ ವಿಳಾಸ ಕೊಡಿ ಎನ್ನುತ್ತದೆ. ನಮ್ಮ ಮನೆಯಲ್ಲಿ ಆ ಹುದ್ದೆಗೆ ಪೈಪೋಟಿ ಇಲ್ಲದ ಕಾರಣ ನಾನೇ ಅವಿರೋಧವಾಗಿ ಆಯ್ಕೆಯಾದೆ. ಅವಸರದವರಿಗಾಗಿ ಎಲ್ಲ ಪ್ರಶ್ನೆಗೂ ವಾಡಿಕೆಯ ಉತ್ತರವನ್ನೇ ಹಿಡಿದುಕೊಂಡು ಬಾಯಿ ಮುಚ್ಚಿ ನಡೆ ಎಂದು ಹೇಳುವ ಸೌಲಭ್ಯವೂ ಇದೆ, ಡಿ-ಇ-ಎಸ್ ಎಂಬ ಮೂರಕ್ಷರದ್ದು. ಬಹುಪಾಲು ಜನ ಅದನ್ನೇ ಬಳಸುತ್ತಾರೆ. ನನಗೆ ಅದು ಇಷ್ಟವಿಲ್ಲ.

ಪ್ರಶ್ನೆಗಳು ಮುಗಿದ ಮೇಲೆ ಎರಡನೆಯ ಆಜ್ಞೆ ಮೇಕ್. ಬೆಲ್ ಲ್ಯಾಬ್ಸಿನ ಸ್ಟೂವರ್ಟ್ ಫೆಲ್ಡ್‌ಮನ್ 1976ರಲ್ಲಿ ಬರೆದದ್ದು. ಇದು ನೋಡುವುದು ಫೈಲುಗಳು ಕೊನೆಯ ಸಲ ಬದಲಾದ ಹೊತ್ತನ್ನು ಮಾತ್ರ. ಮೂಲ ಫೈಲು ಹೊಸದಾಗಿದ್ದರೆ ಮತ್ತೆ ಕಂಪೈಲ್, ಇಲ್ಲದಿದ್ದರೆ ಇದ್ದದ್ದೇ ಸಾಕು. ಹಾಗಾಗಿ ನಡುವೆ ಕರೆಂಟು ಹೋಗಿ ಬಂದರೂ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಅದರ ಫೈಲಿನಲ್ಲಿ ಆಜ್ಞೆಯ ಸಾಲುಗಳು ಟ್ಯಾಬಿನಿಂದಲೇ ಶುರುವಾಗಬೇಕು, ಎಂಟು ಸ್ಪೇಸ್ ಕೊಟ್ಟರೆ ನಡೆಯದು. ಇದು ಸರಿಯಲ್ಲ ಎಂದು ಫೆಲ್ಡ್‌ಮನ್‌ರಿಗೆ ಗೊತ್ತಾಗುವ ಹೊತ್ತಿಗೆ ಸುಮಾರು ಹನ್ನೆರಡು ಜನ ಬಳಕೆದಾರರಾಗಿಬಿಟ್ಟಿದ್ದರಂತೆ. ಅವರಿಗೆ ತೊಂದರೆ ಯಾಕೆ ಎಂದು ಹಾಗೇ ಬಿಟ್ಟರು. ಹನ್ನೆರಡು ಜನರ ದಾಕ್ಷಿಣ್ಯಕ್ಕೆ ಮುಂದಿನ ಲಕ್ಷಾಂತರ ಜನ ಐವತ್ತು ವರ್ಷದಿಂದ ಟ್ಯಾಬ್ ಒತ್ತುತ್ತಿದ್ದಾರೆ.

ಮೇಕ್ ಓಡುವಾಗ ನೋಡುವುದೇ ಚೆಂದ. ಪರದೆಯ ತುಂಬ ಸಾಲುಗಳು ಮೇಲಕ್ಕೆ ಓಡುತ್ತವೆ, ಲ್ಯಾಪ್‌ಟಾಪಿನ ಫ್ಯಾನು ಗುಂಯ್‌ಗುಡುತ್ತದೆ, ತೊಡೆ ಸುಡುತ್ತದೆ. ಅಮ್ಮ ಆ ಕಡೆ ಹಾದುಹೋಗುವಾಗ ನಿಂತು ನೋಡಿದರು.

‘ಏನೋ ಅದು, ನಿಲ್ಲೋದೇ ಇಲ್ವಲ್ಲ. ಕೆಟ್ಟುಹೋಯ್ತಾ?’

‘ಇಲ್ಲಮ್ಮ, ಪೈಥಾನ್ ಕಟ್ತಾ ಇದೆ.’

‘ನಿನ್ನ ಹತ್ರ ಇರ್ಲಿಲ್ವಾ?’

‘ಇತ್ತು.’

ಅಮ್ಮ ಮುಂದೆ ಏನೂ ಕೇಳಲಿಲ್ಲ.

ಅವರು ಕೇಳಿದ್ದರೆ ಇನ್ನೊಂದನ್ನು ವಿವರಿಸುವುದು ಕಷ್ಟವಾಗುತ್ತಿತ್ತು. ಪೈಥಾನಿನ ವೇಗ ಹೆಚ್ಚಿಸುವ ಆಯ್ಕೆ ಕೊಟ್ಟು ಕಟ್ಟಿದರೆ ಅದು ಮೊದಲು ಒಂದು ಪೈಥಾನ್ ಕಟ್ಟಿ, ಅದರ ಕೈಯಲ್ಲಿ ಒಂದಷ್ಟು ಪರೀಕ್ಷೆ ಬರೆಸಿ, ಕೋಡಿನ ಯಾವ ದಾರಿಯಲ್ಲಿ ಓಡಾಟ ಹೆಚ್ಚು ಎಂದು ಗುರುತು ಮಾಡಿಕೊಂಡು, ಕಟ್ಟಿದ್ದನ್ನು ಬದಿಗಿಟ್ಟು ಮತ್ತೆ ಮೊದಲಿನಿಂದ ಕಂಪೈಲ್ ಮಾಡುತ್ತದೆ. ಪರ್ಲಿನದು ಬೇರೆ ಪಡಿಪಾಟಲು. ಪರ್ಲ್ ಕಟ್ಟುವ ಕೆಲಸದ ಎಷ್ಟೋ ಭಾಗ ಪರ್ಲಿನಲ್ಲೇ ಬರೆದಿದೆ. ಪರ್ಲ್ ಇನ್ನೂ ಹುಟ್ಟಿಲ್ಲವಲ್ಲ! ಅದಕ್ಕಾಗಿ ಮೊದಲು ಮಿನಿಪರ್ಲ್ ಎಂಬ ಒಂದು ಕುಳ್ಳ ಇಂಟರ್‌ಪ್ರಿಟರನ್ನು ಬರೀ ಸಿ ಕೋಡಿನಿಂದ ಕಟ್ಟಿ, ಉಳಿದ ಕೆಲಸವನ್ನು ಅದಕ್ಕೆ ಒಪ್ಪಿಸುತ್ತಾರೆ.

ಪರೀಕ್ಷೆಗಳಲ್ಲೂ ಇದೇ ಪೇಚು. ಪರ್ಲಿನ ಪರೀಕ್ಷೆಗಳು ಶುರುವಾಗುವುದು ತೀರಾ ತಳದಿಂದ. ‘ಇಫ್’ ಕೆಲಸ ಮಾಡುತ್ತದೆಯೇ, ‘ವೈಲ್’ ತಿರುಗುತ್ತದೆಯೇ ಎಂದು. ‘ಇಫ್’ ಸರಿಯಿದೆಯೇ ಎಂದು ನೋಡಲು ‘ಇಫ್’ ಅನ್ನೇ ಬಳಸಬೇಕು, ಬೇರೆ ಗತಿಯಿಲ್ಲ. ಪರೀಕ್ಷೆಗೆಂದೇ ಇರುವ ಲೈಬ್ರರಿಯನ್ನು ಇಲ್ಲಿ ಕರೆಯುವಂತಿಲ್ಲ, ಏಕೆಂದರೆ ಭಾಷೆಯೇ ಸರಿಯಿಲ್ಲದಿದ್ದರೆ ಲೈಬ್ರರಿ ಹೇಗೆ ಸರಿಯಿದ್ದೀತು? ಹಾಗಾಗಿ ಆ ಮೊದಲ ಪರೀಕ್ಷೆಗಳು ‘ಓಕೆ 1’, ‘ಓಕೆ 2’ ಎಂದು ಬರಿಗೈಯಲ್ಲಿ ಪ್ರಿಂಟ್ ಮಾಡಿ ಸುಮ್ಮನಾಗುತ್ತವೆ. ಈ ಪುಟ್ಟ ಫೈಲುಗಳನ್ನು ತೆರೆದು ಓದಿ ನೋಡಿ. ಇಡೀ ಗಂಟಿನಲ್ಲಿ ನನಗೆ ತುಂಬ ಹಿಡಿಸಿದ ಬರವಣಿಗೆ ಅದು.

ಪೈಥಾನಿನ ಮೇಕ್ ಮುಗಿಯುವಾಗ ಒಂದು ಪಟ್ಟಿ ಕೊಡುತ್ತದೆ: ಈ ಇಂತಿಂಥ ಮಾಡ್ಯೂಲುಗಳಿಗೆ ಬೇಕಾದ ಸಾಮಗ್ರಿ ಸಿಗಲಿಲ್ಲ. ಸಾಮಗ್ರಿ ಮೆಷಿನ್ನಿನಲ್ಲಿ ಇರುತ್ತದೆ. ಆದರೆ ಉಬುಂಟುವಿನಂಥ ಕಡೆ ಬಳಸುವವರಿಗೆ ಒಂದು ಪ್ಯಾಕೇಜು, ಕಟ್ಟುವವರಿಗೆ ಹೆಸರಿನ ಕೊನೆಗೆ ‘ಡೆವ್’ ಸೇರಿದ ಇನ್ನೊಂದು ಪ್ಯಾಕೇಜು. ಎರಡನೆಯದು ಇಲ್ಲದಿದ್ದರೆ ಇದ್ದೂ ಇಲ್ಲ. ಎಸ್‌ಎಸ್‌ಎಲ್ ಇಲ್ಲದೆ ಕಟ್ಟಿದರೆ ಪ್ಯಾಕೇಜು ತರುವ ಪಿಪ್ ಅಂತರ್ಜಾಲದಿಂದ ಏನನ್ನೂ ತರಲಾರದು. ರೀಡ್‌ಲೈನ್ ಇಲ್ಲದೆ ಕಟ್ಟಿದರೆ, ಹಿಂದಿನ ಸಾಲು ಬರಲಿ ಎಂದು ಮೇಲಿನ ಬಾಣದ ಕೀಲಿ ಒತ್ತಿದಾಗ ಒಂದು ಟೋಪಿ, ಎರಡು ಚೌಕಾವರಣ, ಒಂದು ಎ ಅಕ್ಷರ ಪರದೆಯ ಮೇಲೆ ಬಂದು ಬೀಳುತ್ತವೆ. ಪಟ್ಟಿ ಓದದವರಿಗೆ ಇದು ಸಾಕಷ್ಟು ಪಾಠ.

ಇನ್‌ಸ್ಟಾಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಿಸ್ಟಮ್ಮಿನ ಪೈಥಾನನ್ನು ಉಬುಂಟುವಿನ ಹಲವು ಸಾಧನಗಳು ನೆಚ್ಚಿಕೊಂಡಿರುವುದರಿಂದ ಅದರ ಹೆಸರಿಗೆ ಅಡ್ಡ ಬರದಂತೆ ‘ಆಲ್ಟ್ ಇನ್‌ಸ್ಟಾಲ್’ ಎಂಬ ಪ್ರತ್ಯೇಕ ದಾರಿ ಇದೆ. ಒಳಗೆ ಬರಲು ಹೀಗೆ ಎರಡು ದಾರಿ, ಹೊರಗೆ ಕಳಿಸಲು ಒಂದೂ ಇಲ್ಲ. ಪೈಥಾನಿನ ಮೇಕ್ ಫೈಲಿನಲ್ಲಿ ಅನ್‌ಇನ್‌ಸ್ಟಾಲ್ ಎಂಬ ಬಾಬತ್ತೇ ಇಲ್ಲ. ಅನುಭವಸ್ಥರು ಮೊದಲೇ ಒಂದು ಪ್ರತ್ಯೇಕ ಫೋಲ್ಡರ್ ತೋರಿಸಿ ಅಲ್ಲೇ ಬಿಡಾರ ಹೂಡಿಸುತ್ತಾರೆ. ಬೇಡವಾದ ದಿನ ಬಿಡಾರವನ್ನೇ ಕಿತ್ತರಾಯಿತು.

ಕಟ್ಟಿದ್ದಾಯಿತು, ಮುಂದೇನು? ತುರ್ತು ಕೆಲಸವೇನೂ ಇಲ್ಲದ್ದರಿಂದ ಕನ್ನಡ ಪ್ರಯೋಗಕ್ಕೆ ಇಳಿಯುತ್ತೇನೆ. 2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3ರಿಂದ ಈಚೆಗೆ ವೇರಿಯಬಲ್ಲುಗಳಿಗೆ ಕನ್ನಡದಲ್ಲೇ ಹೆಸರಿಡಬಹುದು. ‘ಸಾಲ’ ಎಂದರೂ ಒಪ್ಪುತ್ತದೆ, ‘ಬಡ್ಡಿ’ ಎಂದರೂ ಒಪ್ಪುತ್ತದೆ. ಅಂಕಿಗಳ ವಿಷಯದಲ್ಲಿ ಮಾತ್ರ ಇಬ್ಬಂದಿ. ೧೨ ಎಂಬುದನ್ನು ಪಠ್ಯವಾಗಿ ಇಂಟ್‌ಗೆ ಒಪ್ಪಿಸಿದರೆ ಹನ್ನೆರಡು ಎಂದು ಸರಿಯಾಗಿ ಓದುತ್ತದೆ. ನೇರವಾಗಿ ೧ + ೧ ಎಂದು ಬರೆದರೆ ಇದೆಂಥ ಅಕ್ಷರ ಎಂದು ತಗಾದೆ ತೆಗೆಯುತ್ತದೆ. ಆಮೇಲೆ ರಾಜ್‌ಕುಮಾರ್ ಎಂದು ಹೆಸರಿಟ್ಟು ನೋಡಿದೆ. ಸಿಂಟ್ಯಾಕ್ಸ್ ಎರರ್! ಅಣ್ಣಾವ್ರ ಹೆಸರಿಗೇ!

ಕಾರಣ ಸರಳ. ಜ್ ಕೆಳಗೆ ಕಕಾರ ಒತ್ತಾಗಿ ಇಳಿಯದಿರಲೆಂದು ನಾವು ನಡುವೆ ಒಂದು ಕಣ್ಣಿಗೆ ಕಾಣದ ಅಕ್ಷರ ಸೇರಿಸುತ್ತೇವೆ, ಯುನಿಕೋಡಿನಲ್ಲಿ 200ಸಿ. ಕಾಣದ ಅಕ್ಷರವನ್ನು ಪೈಥಾನ್ ಹೆಸರಿನೊಳಗೆ ಬಿಟ್ಟುಕೊಳ್ಳುವುದಿಲ್ಲ. ಸಿದ್ಧ ಪ್ಯಾಕೇಜು ಹಾಕಿಕೊಂಡವರು ಇಲ್ಲಿಗೆ ಕೈಬಿಡುತ್ತಾರೆ. ಕಟ್ಟಿಕೊಂಡವರ ಮನೆಯಲ್ಲಿ ಗಂಟು ಇನ್ನೂ ಇದೆ. ಪಾರ್ಸರ್ ಫೋಲ್ಡರಿನ ಟೋಕನೈಸರ್ ಫೈಲಿನಲ್ಲಿ ಆ ಬೈಗುಳದ ಇಂಗ್ಲಿಷ್ ವಾಕ್ಯ ಒಂದಕ್ಕಿಂತ ಹೆಚ್ಚು ಕಡೆ ಸಿಗುತ್ತದೆ. ಅದನ್ನು ತೆಗೆದು ‘ಕಾಣದ ಅಕ್ಷರ ನುಸುಳಿದೆ ಸ್ವಾಮಿ’ ಎಂದು ಬರೆಯಲು ಏನಡ್ಡಿ? ಒಂದು ಸಣ್ಣ ಅಡ್ಡಿ ಇದೆ. ಸಂದೇಶದ ಅಚ್ಚಿನಲ್ಲಿ ಆಸ್ಕಿ ಅಕ್ಷರಗಳಿಗೆ ಮಾತ್ರ ಪ್ರವೇಶ. ಹಾಗಾಗಿ ಅಚ್ಚಿನಲ್ಲಿ ಖಾಲಿ ಜಾಗ ಬಿಟ್ಟು, ಕನ್ನಡವನ್ನು ಪಕ್ಕದ ಬಾಗಿಲಿನಿಂದ ಬೇರೆಯಾಗಿ ಒಳಗೆ ಕಳಿಸಬೇಕು. ಕಳಿಸಿ ಮತ್ತೆ ಮೇಕ್ ಎಂದರೆ, ಬದಲಾದ ಫೈಲೊಂದೇ ಕಂಪೈಲ್ ಆಗಿ, ಕೊಂಡಿ ಕೂಡಿಕೊಂಡು, ಅಚ್ಚಗನ್ನಡದಲ್ಲಿ ಗದರುವ ಇಂಟರ್‌ಪ್ರಿಟರ್ ಸಿದ್ಧ.

ಆ ಹುರುಪಿನಲ್ಲಿ ಮೇಕ್ ಟೆಸ್ಟ್ ಕೊಟ್ಟೆ. ಸಿಂಟ್ಯಾಕ್ಸ್ ಪರೀಕ್ಷೆಗಳ ಪೈಕಿ ಕಾಣದ ಅಕ್ಷರಗಳದ್ದು ಫೇಲ್. ಕಾರಣವನ್ನೂ ಅದು ಬರೆದಿತ್ತು: ತಪ್ಪು ಹಿಡಿದದ್ದು ಸರಿ, ಹೇಳಬೇಕಾದ ಇಂಗ್ಲಿಷ್ ಮಾತು ಮಾತ್ರ ಉತ್ತರದಲ್ಲಿ ಇಲ್ಲ ಎಂದು. ನಮ್ಮ ಕಡೆ ಕನ್ನಡ ಮೀಡಿಯಂ ಹುಡುಗರಿಗೆ ಈ ಷರಾ ಹೊಸದೇನಲ್ಲ. ಆ ಪರೀಕ್ಷೆಯನ್ನು ಹಾಗೇ ಫೇಲಾಗಲು ಬಿಟ್ಟು ಇನ್‌ಸ್ಟಾಲ್ ಮಾಡಿಕೊಂಡಿದ್ದೇನೆ.