ಹಳೇಬೀಡಿನ ಕುದುರೆಗೆ ಆರೂವರೆ

ನಮ್ಮ ಸೋದರಮಾವ ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ನಲವತ್ತು ವರ್ಷ ಕೂತು ಎದ್ದವರು. 2024ರಲ್ಲಿ ಅವರಿಗೆ ಎಪ್ಪತ್ತೊಂದು. ಮಂಡಿ ಬಿಟ್ಟ ಮೇಲೆ ಏಳುವುದು ಕಮ್ಮಿಯಾಗಿ ಕೂರುವುದು ಮಾತ್ರ ಉಳಿದಿದೆ, ಅದೂ ಟೀವಿ ಮುಂದೆ. ಕೊಬ್ಬರಿ ವಿಷಯದಲ್ಲಿ ಮಾತ್ರ ಅಳೆದು ತೂಗಿ ಮಾತಾಡುತ್ತಾರೆ. ಮಿಕ್ಕ ಎಲ್ಲ ವಿಷಯದಲ್ಲೂ ಅವರದು ನೇರ ತೀರ್ಪು, ಮೇಲ್ಮನವಿಗೆ ಅವಕಾಶವಿಲ್ಲ.

2024ರ ಆಷಾಢದಲ್ಲಿ ಒಂದು ದಿನ ಹೊರಗೆ ಜಿಟಿಜಿಟಿ ಮಳೆ. ಊಟ ಮುಗಿಸಿ ಅವರ ಮನೆಗೆ ಹೋದೆ. ಟೀವಿಯಲ್ಲಿ ಪ್ಯಾರಿಸ್ ಒಲಿಂಪಿಕ್ಸ್. ಹಿಂದೆ ವರ್ಸೇಲ್ಸ್ ಅರಮನೆ, ಮುಂದೆ ಮರಳು ಹಾಸಿದ ಅಂಗಳ, ಅದರಲ್ಲಿ ಬಾಲವಿರುವ ಕೋಟು ತೊಟ್ಟ ಒಬ್ಬ ಮನುಷ್ಯ ಕುದುರೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾನೆ. ಕುದುರೆ ಕಾಲೆತ್ತಿ ಕಾಲಿಡುತ್ತಿದೆ, ಆದರೆ ಎಲ್ಲಿಗೂ ಹೋಗುತ್ತಿಲ್ಲ.

"ಏನೋ ಇದು?" ಅಂದರು ಮಾವ. "ದಿಬ್ಬಣ ಹೊರಟುಹೋಗಿದೆ, ಮದುವೆ ಗಂಡು ಒಬ್ಬನೇ ಉಳಿದುಬಿಟ್ಟಿದ್ದಾನಲ್ಲ!"

"ಇದು ಡ್ರೆಸ್ಸಾಜ್ ಅಂತ ಮಾವ."

"ಡ್ರೆಸ್ಸಾ? ಹಾಗನ್ನು. ಕೋಟು ನೋಡಿದಾಗಲೇ ಅನ್ನಿಸ್ತು."

ಬಟ್ಟೆಗೂ ಇದಕ್ಕೂ ಸಂಬಂಧವಿಲ್ಲ, ಫ್ರೆಂಚ್ ಭಾಷೆಯಲ್ಲಿ ಪಳಗಿಸುವುದು ಅಂತ ಅರ್ಥ ಎಂದು ವಿವರಿಸಿದೆ. ಅರವತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲದ ಅಂಗಳ. ಸುತ್ತ ಅಲ್ಲಲ್ಲಿ ಇಂಗ್ಲಿಷ್ ಅಕ್ಷರದ ಫಲಕ. ಅದೂ ಎ, ಬಿ, ಸಿ ಅಂತ ಸರಿಯಾಗಿ ಇಲ್ಲ. ಎ ಆದ ಮೇಲೆ ಕೆ, ಆಮೇಲೆ ವಿ, ಆಮೇಲೆ ಇ. ಒಂದನೇ ಕ್ಲಾಸಿನ ಮಗು ಹೀಗೆ ಬರೆದಿದ್ದರೆ ನಮ್ಮ ಕಾಲದ ಮೇಷ್ಟ್ರು ಬೆತ್ತ ಹುಡುಕುತ್ತಿದ್ದರು. ಈ ಕ್ರಮ ಯಾಕೆ ಹೀಗೆ ಎಂಬುದರಲ್ಲಿ ಆ ವಿದ್ಯೆಯವರಲ್ಲೇ ಒಮ್ಮತವಿಲ್ಲ. ಯಾವ ಅಕ್ಷರದ ಹತ್ತಿರ ಕುದುರೆ ತಿರುಗಬೇಕು, ಎಲ್ಲಿ ಅಡ್ಡಡ್ಡ ನಡೆಯಬೇಕು, ಎಲ್ಲಿ ನಿಂತಲ್ಲೇ ಹೆಜ್ಜೆ ಹಾಕಬೇಕು ಎಂಬುದೆಲ್ಲ ಮೊದಲೇ ಗೊತ್ತುಮಾಡಿರುತ್ತದೆ. ಸುತ್ತ ಏಳು ಜನ ತೀರ್ಪುಗಾರರು ಕೂತು ಒಂದೊಂದು ನಡೆಗೂ ಸೊನ್ನೆಯಿಂದ ಹತ್ತರವರೆಗೆ ಅಂಕ ಹಾಕುತ್ತಾರೆ. ಅರ್ಧ ಅಂಕವೂ ಉಂಟು.

"ನಿಂತಲ್ಲೇ ಹೆಜ್ಜೆ ಹಾಕೋಕೆ ಅಂಕವಾ?" ಮಾವ ಎದ್ದು ಕೂತರು. "ನಾನು ಹುಡುಗನಾಗಿದ್ದಾಗ ರೈಲ್ವೆ ಸ್ಟೇಷನ್ ಮುಂದೆ ಜಟಕಾ ನಿಂತಿರೋವು. ಮೈಸೂರು ಗಾಡಿ ತಡವಾದರೆ ಕುದುರೆಗಳು ಇದೇ ಕೆಲಸ ಮಾಡ್ತಿದ್ವು. ಯಾವನೂ ಹತ್ತಕ್ಕೆ ಒಂಬತ್ತು ಕೊಡಲಿಲ್ಲ. ಸಾಬರು ಹುಲ್ಲು ಹಾಕಿದ್ರು, ಅಷ್ಟೆ."

ಅಷ್ಟರಲ್ಲಿ ನಮ್ಮ ದೇಶದ ಹುಡುಗನ ಅಂಕ ತೆರೆಯ ಮೇಲೆ ಬಂತು. ಕೋಲ್ಕತ್ತದ ಅನುಶ್ ಅಗರ್‌ವಾಲಾ, ಒಲಿಂಪಿಕ್ಸಿನ ಡ್ರೆಸ್ಸಾಜ್ ಅಂಗಳಕ್ಕೆ ಇಳಿದ ಮೊದಲ ಭಾರತೀಯ. ಹಿಂದಿನ ವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಡ್ರೆಸ್ಸಾಜ್ ತಂಡಕ್ಕೆ ಚಿನ್ನ ಬಂದಾಗ ಅದರಲ್ಲಿದ್ದವನು, ಒಂಟಿಯಾಗಿ ಕಂಚನ್ನೂ ಗೆದ್ದವನು. ಪ್ಯಾರಿಸ್ಸಿನಲ್ಲಿ ಸಿಕ್ಕಿದ್ದು ಶೇಕಡಾ 66.444. ಮುಂದಿನ ಸುತ್ತಿಗೆ ಸಾಲದು.

"ಮೂರು ದಶಾಂಶವಾ!" ಮಾವನಿಗೆ ಸೋಲಿಗಿಂತ ಲೆಕ್ಕದ ಮೇಲೆ ಸಿಟ್ಟು. "ಕೊಬ್ಬರಿ ತೂಕದಲ್ಲೂ ಇಷ್ಟು ನುಣ್ಣಗೆ ಲೆಕ್ಕ ಹಾಕಲ್ಲ ಕಣೋ. ಕುದುರೆ ಹೆಸರೇನು?"

"ಸರ್ ಕ್ಯಾರಮೆಲೊ."

"ಕುದುರೆಗೂ ಸರ್ ಅನ್ನಬೇಕಾ! ಆಫೀಸಲ್ಲಿ ಗುಮಾಸ್ತರಿಗೆ ಅಂದಿದ್ದು ಸಾಲದೇನೋ?" ಅಂದು ತೀರ್ಪು ಕೊಟ್ಟರು: "ಇದು ಆಟ ಅಲ್ಲ. ಆಟ ಅಂದರೆ ನೋಡಿದವನಿಗೆ ಗೊತ್ತಾಗಬೇಕು. ದಸರಾ ಪಂಜಿನ ಕವಾಯತು ನೋಡು. ಬನ್ನಿಮಂಟಪದಲ್ಲಿ ಮೌಂಟೆಡ್ ಪೊಲೀಸಿನವನು ಈಟಿ ಹಿಡಿದು ದೌಡಾಯಿಸಿಕೊಂಡು ಬರ್ತಾನೆ, ನೆಲದಲ್ಲಿರೋ ಗೂಟ ಕಿತ್ತರೆ ಕಿತ್ತ, ಇಲ್ಲದಿದ್ದರೆ ಇಲ್ಲ. ಏಳು ಜನ ಕೂತು ಮೀಮಾಂಸೆ ಮಾಡೋದೇನಿದೆ?"

ಮಾವನ ಮಾತಿನಲ್ಲಿ ಹುರುಳಿಲ್ಲ ಅನ್ನಲಾರೆ. ಗೂಟ ಕೀಳುವ ಆ ಟೆಂಟ್ ಪೆಗ್ಗಿಂಗ್ 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಇತ್ತು. ಒಲಿಂಪಿಕ್ಸಿಗೆ ಮಾತ್ರ ಅದು ಕಾಲಿಡಲಿಲ್ಲ. ಕುಣಿಸುವವರು ಒಳಗೆ, ಕೀಳುವವರು ಹೊರಗೆ. ಇದರ ಹಿಂದೆ ಇರುವುದು ಯುರೋಪಿನ ಸೈನ್ಯಾಧಿಕಾರಿಗಳ ಠೀವಿ. 1912ರಲ್ಲಿ ಸ್ಟಾಕ್‌ಹೋಮಿನಲ್ಲಿ ಡ್ರೆಸ್ಸಾಜ್ ಒಲಿಂಪಿಕ್ಸಿಗೆ ಸೇರಿತು. ಮುಂದೆ ಬಹಳ ಕಾಲ ಅದು ಕಮಿಷನ್ ಪಡೆದ ಅಧಿಕಾರಿಗಳ ಸ್ವತ್ತಾಗಿತ್ತು. ಸಾಮಾನ್ಯ ಸಿಪಾಯಿಗೂ ಇಲ್ಲ, ಹೆಂಗಸಿಗೂ ಇಲ್ಲ. 1948ರಲ್ಲಿ ಲಂಡನ್ನಿನಲ್ಲಿ ಸ್ವೀಡನ್ ತಂಡ ಚಿನ್ನ ಗೆದ್ದಿತು. ತಂಡದಲ್ಲಿ ಪೆರ್ಸನ್ ಎಂಬ ಸಾರ್ಜೆಂಟ್ ಇದ್ದ. ನಿಯಮಕ್ಕೆ ಬೇಕಲ್ಲ ಎಂದು ಕ್ರೀಡಾಕೂಟಕ್ಕೆ ಮುಂಚೆ ಅವನಿಗೆ ಲೆಫ್ಟಿನೆಂಟ್ ಬಡ್ತಿ ಕೊಟ್ಟರು, ಪದಕ ಬಂದ ಮೇಲೆ ಮತ್ತೆ ಸಾರ್ಜೆಂಟ್ ಮಾಡಿದರು. ಗುಟ್ಟು ರಟ್ಟಾಗಿ ಮರುವರ್ಷ ಚಿನ್ನ ಫ್ರಾನ್ಸಿನ ಪಾಲಾಯಿತು. ಆ ಸಾರ್ಜೆಂಟಿನ ಕುದುರೆ ಅಂಗಳದಲ್ಲಿ ಒಂದು ಹೆಜ್ಜೆಯನ್ನೂ ತಪ್ಪಿರಲಿಲ್ಲ, ನೆನಪಿರಲಿ. ಈ ಕಥೆ ಹೇಳಿದಾಗ ಮಾವ ತೊಡೆ ತಟ್ಟಿ ನಕ್ಕರು. "ಪ್ರಭಾರ ಹುದ್ದೆ! ನಮ್ಮ ತಾಲ್ಲೂಕು ಆಫೀಸಿನವರು ಸ್ವೀಡನ್ನಿಗೂ ಹೋಗಿದ್ದರಾ?"

1952ರಲ್ಲಿ ನಿಯಮ ಸಡಿಲವಾಯಿತು. ಅದೇ ಪೆರ್ಸನ್ ಅದೇ ಸ್ವೀಡನ್ ತಂಡದಲ್ಲಿ ಮತ್ತೆ ಚಿನ್ನ ಗೆದ್ದ. ಆದರೆ ಆ ವರ್ಷ ಹೆಲ್ಸಿಂಕಿಯಲ್ಲಿ ನಡೆದ ನಿಜವಾದ ಸಂಗತಿ ಬೇರೆ. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಎಂಬಾಕೆಗೆ ಪೋಲಿಯೊ ಬಂದು ಮೊಣಕಾಲಿನ ಕೆಳಗೆ ಸ್ವಾಧೀನವಿರಲಿಲ್ಲ. ಕುದುರೆ ಹತ್ತಿಸಲು, ಇಳಿಸಲು ಜನ ಬೇಕು. ಆಕೆ ಗಂಡಸರ ಜೊತೆಯೇ ಸ್ಪರ್ಧಿಸಿ ಬೆಳ್ಳಿ ಗೆದ್ದಳು. ಸವಾರ ಕುದುರೆಗೆ ಹೇಳುವುದೆಲ್ಲ ಕಾಲಿನ ಒತ್ತಿನಲ್ಲೇ ಎನ್ನುವ ವಿದ್ಯೆಯಲ್ಲಿ, ಕಾಲೇ ಕೇಳದವಳು ಬೆಳ್ಳಿ ತಂದಳು! ಗಂಡು ಹೆಣ್ಣು ಒಂದೇ ಅಂಗಳದಲ್ಲಿ, ಒಂದೇ ಪದಕಕ್ಕೆ ಎದುರುಬದುರಾಗುವ ಆಟಗಳು ಒಲಿಂಪಿಕ್ಸಿನಲ್ಲಿ ಎಷ್ಟಿವೆ, ಬೆರಳು ಮಡಿಸಿ ನೋಡಿ. ನಾನು ಡ್ರೆಸ್ಸಾಜ್ ಪಕ್ಷ ಸೇರಿದ್ದು ಈ ಹೆಂಗಸಿನ ದೆಸೆಯಿಂದ.

ಮಾವ ಮೆತ್ತಗಾದದ್ದು ಬೇರೆ ಕಾರಣಕ್ಕೆ. ಜಪಾನಿನ ಹಿರೋಶಿ ಹೊಕೆತ್ಸು 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಡ್ರೆಸ್ಸಾಜ್ ಮಾಡಿದಾಗ ಅವರಿಗೆ ಎಪ್ಪತ್ತೊಂದು ಎಂದು ಬಾಯಿತಪ್ಪಿ ಹೇಳಿಬಿಟ್ಟೆ.

"ಎಷ್ಟು?"

"ಎಪ್ಪತ್ತೊಂದು."

ಮಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬೆನ್ನು ನೆಟ್ಟಗೆ ಮಾಡಿದರು. ಅಡುಗೆಮನೆಯಿಂದ ಅತ್ತೆ, "ಕುದುರೆ ಹತ್ತೋದು ಆಮೇಲೆ, ಮೊದಲು ಆ ಕುರ್ಚಿಯಿಂದ ಇಳೀರಿ, ಕಸ ಗುಡಿಸಬೇಕು" ಅಂದರು.

ನಮ್ಮ ಕಡೆಯವರು ಯಾರೂ ಇಲ್ಲವೇನೋ ಎಂದು ಮಾವ ಕೇಳಿದರು. ಯಾಕಿಲ್ಲ, ಬೆಂಗಳೂರಿನ ಫವಾದ್ ಮಿರ್ಜಾ ಇಲ್ಲವೇ? ತಂದೆ ಕುದುರೆಗಳ ವೈದ್ಯರು. ಫವಾದ್ ಆಡುವುದು ಈವೆಂಟಿಂಗ್. ಮೊದಲು ಡ್ರೆಸ್ಸಾಜ್, ಆಮೇಲೆ ಹಳ್ಳ ದಿಣ್ಣೆ ಹಾರಿ ಓಡುವುದು, ಕೊನೆಗೆ ಬೇಲಿ ಜಿಗಿತ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ. ಕುದುರೆ ಸವಾರಿಯಲ್ಲಿ ಭಾರತದವರೊಬ್ಬರು ಒಂಟಿಯಾಗಿ ಏಷ್ಯನ್ ಪದಕ ಗೆದ್ದು ಆಗ 36 ವರ್ಷವಾಗಿತ್ತು. ಟೋಕಿಯೊ ಒಲಿಂಪಿಕ್ಸಿನಲ್ಲಿ ಡ್ರೆಸ್ಸಾಜ್ ಮುಗಿದಾಗ ಫವಾದ್ ಮೊದಲ ಹತ್ತರೊಳಗೇ ಇದ್ದ, ಕೊನೆಗೆ ನಿಂತದ್ದು 23ರಲ್ಲಿ. ಅಂದರೆ ಮಾವ ಹಂಗಿಸುವ ಈ ಡ್ರೆಸ್ಸಾಜ್ ಭಾಗದಲ್ಲೇ ನಮ್ಮ ಬೆಂಗಳೂರಿನವನು ಮುಂದಿದ್ದ.

ಇನ್ನು ದುಡ್ಡಿನ ಮಾತು. ಇದು ದೊಡ್ಡವರ ಆಟ, ಅದರಲ್ಲಿ ಎರಡು ಮಾತಿಲ್ಲ. ಅನುಶ್ ವರ್ಷಗಟ್ಟಲೆ ಜರ್ಮನಿಯಲ್ಲಿದ್ದು ಕಲಿತವನು. ಆ ಜರ್ಮನಿಯ ಇಸಾಬೆಲ್ ವೆರ್ತ್ 1992ರಿಂದ 2024ರವರೆಗೆ ಎಂಟು ಚಿನ್ನ ಸೇರಿ 14 ಪದಕ ಗಂಟು ಕಟ್ಟಿಕೊಂಡಿದ್ದಾರೆ. ಕುದುರೆಗಾಗಿ ಒಲಿಂಪಿಕ್ಸೇ ಊರು ಬದಲಿಸಿದ್ದೂ ಉಂಟು. 1956ರಲ್ಲಿ ಕೂಟ ಮೆಲ್ಬರ್ನಿನಲ್ಲಿ. ಹೊರಗಿನ ಪ್ರಾಣಿಗಳನ್ನು ಒಳಗೆ ಬಿಡಲು ಆಸ್ಟ್ರೇಲಿಯಾ ಕಾನೂನು ಒಪ್ಪಲಿಲ್ಲ, ಕುದುರೆ ಸ್ಪರ್ಧೆಯಷ್ಟೇ ಸ್ಟಾಕ್‌ಹೋಮಿನಲ್ಲಿ ನಡೆಯಿತು. ಬಡವರ ಆಟಕ್ಕೆ ಇಷ್ಟು ಉಪಚಾರ ಯಾರು ಮಾಡುತ್ತಾರೆ? ತಮಾಷೆ ಬಿಟ್ಟು ಒಂದು ಮಾತು ಹೇಳಲೇಬೇಕು. ಪ್ಯಾರಿಸ್ ಕೂಟ ಶುರುವಾಗುವ ಹೊತ್ತಿಗೇ ಬ್ರಿಟನ್ನಿನ ಚಾರ್ಲೆಟ್ ಡುಜಾರ್ಡಿನ್, ಮೂರು ಚಿನ್ನ ಗೆದ್ದಾಕೆ, ಉದ್ದ ಚಾವಟಿಯಿಂದ ಕುದುರೆಯ ಕಾಲಿಗೆ ಮತ್ತೆ ಮತ್ತೆ ಬಾರಿಸಿದ ವಿಡಿಯೊ ಹೊರಬಂದು ಕೂಟದಿಂದ ಹಿಂದೆ ಸರಿದರು. ಆಮೇಲೆ ಒಂದು ವರ್ಷ ನಿಷೇಧವೂ ಆಯಿತು. ಡ್ರೆಸ್ಸಾಜನ್ನು ಯಾರಾದರೂ ಒಲಿಂಪಿಕ್ಸಿನಿಂದ ಹೊರಗೆ ಹಾಕಬೇಕೆಂದರೆ ಕೋಟಿನ ಕಾರಣಕ್ಕಲ್ಲ, ಈ ಚಾವಟಿಯ ಕಾರಣಕ್ಕೆ ಹಾಕಲಿ. ಆಗ ನಾನೂ ಎದ್ದುನಿಂತು ಕೈ ಎತ್ತುತ್ತೇನೆ.

"ಆದರೂ ನಮ್ಮದಲ್ಲದ ವಿದ್ಯೆ" ಅಂತ ಮಾವ ಇನ್ನೊಂದು ಪಟ್ಟು ಹಾಕಿದರು. ಅದಕ್ಕೆ ನಾನು ಕಾದಿದ್ದೆ. ವೈಹಾಳಿ ಎಂಬ ಮಾತನ್ನು ನಾವು ಮರೆತಿರಬಹುದು. ರಾಜರು ಕುದುರೆ ಆಡಿಸಲು ಹೋಗುವುದಕ್ಕೆ ಅದೇ ಹೆಸರು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಮಾನಸೋಲ್ಲಾಸದಲ್ಲಿ ವಾಜಿವಾಹ್ಯಾಲಿ ವಿನೋದ ಎಂದು ಅದಕ್ಕೇ ಒಂದು ಭಾಗ ಮೀಸಲಿಟ್ಟಿದ್ದಾನೆ. ಬೇಲೂರಿನಲ್ಲಿ ವಿಷ್ಣುವರ್ಧನ 1117ರಲ್ಲಿ ಚನ್ನಕೇಶವನನ್ನು ನಿಲ್ಲಿಸಿದ ಹತ್ತು ಹನ್ನೆರಡು ವರ್ಷಕ್ಕೆ ಬಂದ ಗ್ರಂಥ ಅದು. ಕುದುರೆಯ ನಡಿಗೆಗೆ ಪಂಚಧಾರೆ ಎಂದು ಹಳಬರು ಲೆಕ್ಕ ಇಟ್ಟಿದ್ದರು. ಧೌರಿತಕ, ವಲ್ಗಿತ, ಪ್ಲುತ ಎಂದು ಒಂದೊಂದಕ್ಕೂ ಹೆಸರು. ಶ್ರೀವೈಷ್ಣವ ದೇವಸ್ಥಾನಗಳಲ್ಲಿ ಕುದುರೆ ವಾಹನದ ದಿನ ಹೊರುವವರು ಹಿಂದಕ್ಕೆ ಮುಂದಕ್ಕೆ ತೂಗಿ ದೇವರನ್ನು ಕುಣಿಸುವುದಕ್ಕೆ ಈಗಲೂ ವೈಯಾಳಿ ಅನ್ನುತ್ತಾರೆ. ಜಾತ್ರೆಯಲ್ಲಿ ಕೀಲುಕುದುರೆ ಕಟ್ಟಿಕೊಂಡವನು ತಾನೇ ಕುದುರೆ, ತಾನೇ ಸವಾರ. ಪದಕ ಯಾರಿಗೆ ಎಂಬ ಜಗಳವೇ ಇಲ್ಲ.

ಹಳೇಬೀಡಿನ ಕಲ್ಲಿನ ಕುದುರೆಗಳನ್ನು ಮಾವನಿಗೆ ಕಣ್ಣಾರೆ ತೋರಿಸೋಣವೆಂದು ಮುಂದಿನ ಭಾನುವಾರ ಎಲ್ಲರೂ ಕಾರು ಮಾಡಿಕೊಂಡು ಹೊರಟೆವು. ಬಾಣಾವರ, ಜಾವಗಲ್ ದಾಟಿದರೆ ಹಳೇಬೀಡು. ಜಾವಗಲ್ ಬಂದಾಗ ಮಾವ "ಇದಪ್ಪಾ ಆಟ ಅಂದರೆ!" ಎಂದು ಬೌಲರ್ ಜಾವಗಲ್ ಶ್ರೀನಾಥ್ ನೆನಪಿಗೆ ಕೈ ಬೀಸಿ ಒಂದು ಚೆಂಡು ಎಸೆದರು. ಮೊದಲು ಚನ್ನಕೇಶವನ ದರ್ಶನ ಎಂದು ಅತ್ತೆಯ ಹಟ. ಹಾಗಾಗಿ ಹಳೇಬೀಡನ್ನು ಬಿಟ್ಟು ಇನ್ನೂ 16 ಕಿಲೊಮೀಟರ್ ಮುಂದೆ ಬೇಲೂರಿಗೆ.

ಬೇಲೂರಿನಲ್ಲಿ ಮದನಿಕೆಯರ ಕೆಳಗೆ ನಿಂತು ಮಾವನಿಗೆ ಒಂದು ವಿಷಯ ತೋರಿಸಿದೆ. ಬಳ್ಳಿಗಾವಿಯಿಂದ ಬಂದ ದಾಸೋಜ, ಅವನ ಮಗ ಚಾವಣ ತಮ್ಮ ಕೆಲಸಕ್ಕೆ ಹೆಸರು ಕೆತ್ತಿದ್ದಾರೆ. ಹೊಯ್ಸಳ ರೂವಾರಿಗಳು ಹೆಸರಷ್ಟಕ್ಕೇ ನಿಲ್ಲದೆ ಎದುರಾಳಿಗಳನ್ನು ಕೆಣಕುವ ಬಿರುದುಗಳನ್ನೂ ಹಾಕಿಕೊಳ್ಳುತ್ತಿದ್ದರು. ಅಂದರೆ ಶಿಲ್ಪವೂ ಪಂದ್ಯವೇ. ಒಲಿಂಪಿಕ್ಸಿನವರಿಗೂ ಒಂದು ಕಾಲಕ್ಕೆ ಇದು ಗೊತ್ತಿತ್ತು. 1912ರಿಂದ 1948ರವರೆಗೆ ಶಿಲ್ಪ, ಚಿತ್ರ, ಸಂಗೀತ, ಸಾಹಿತ್ಯ, ಕಟ್ಟಡ ಇವಕ್ಕೆಲ್ಲ ಪದಕ ಇತ್ತು. 1912ರಲ್ಲಿ, ಅಂದರೆ ಡ್ರೆಸ್ಸಾಜ್ ಶುರುವಾದ ಅದೇ ಸ್ಟಾಕ್‌ಹೋಮಿನಲ್ಲಿ, ಶಿಲ್ಪದ ಚಿನ್ನ ಹೋದದ್ದು ಅಮೆರಿಕದ ವಾಲ್ಟರ್ ವೈನನ್ಸ್‌ಗೆ. ಅವನು ಮಾಡಿದ್ದೇನು? ಟ್ರಾಟ್ ನಡಿಗೆಯ ಒಂದು ಕಂಚಿನ ಕುದುರೆ!

"ಬೊಂಬೆ ಕುದುರೆಗೆ ಚಿನ್ನವಾ?" ಅಂದರು ಮಾವ.

"ಬೊಂಬೆಗೇ ಕೊಟ್ಟ ಮೇಲೆ ಜೀವ ಇರೋದಕ್ಕೆ ಕೊಟ್ಟರೆ ನಿಮಗೇನು ಹೊಟ್ಟೆಯುರಿ?"

ಮಧ್ಯಾಹ್ನ ಹಳೇಬೀಡಿಗೆ ವಾಪಸು ಬಂದೆವು. ಹೊಯ್ಸಳೇಶ್ವರನ ಗೋಡೆ ಬುಡದಲ್ಲಿ ಮೊದಲು ಆನೆ ಸಾಲು, ಮೇಲೆ ಸಿಂಹ, ಬಳ್ಳಿ, ಅದರ ಮೇಲೆ ಕುದುರೆ ಸಾಲು. ಇನ್ನೂ ಮೇಲೆ ಪುರಾಣದ ಕಥೆ, ಮಕರ, ಹಂಸ. ಬರುವವರು ಪುರಾಣ ನೋಡುತ್ತಾರೆ, ಆನೆ ಎಣಿಸುತ್ತಾರೆ. ನಡುವೆ ಸಿಕ್ಕಿಕೊಂಡ ಕುದುರೆಗಳನ್ನು ಕೇಳುವವರಿಲ್ಲ. ಎಂಟು ನೂರು ವರ್ಷಕ್ಕೂ ಮೇಲಾಯಿತು, ಕಾಲೆತ್ತಿಕೊಂಡೇ ಇವೆ, ಎಲ್ಲಿಗೂ ಹೋಗಿಲ್ಲ. ನಿಂತಲ್ಲೇ ಹೆಜ್ಜೆ ಹಾಕುವುದರಲ್ಲಿ ಇವನ್ನು ಮೀರಿಸುವವರು ಜರ್ಮನಿಯಲ್ಲೂ ಇಲ್ಲ.

ಮಾವ ಬಗ್ಗಿ ನೋಡತೊಡಗಿದರು. ಆಗ ನನಗೆ ಅವರ ಮಂಡಿ ನೆನಪಾಯಿತು. ಉಂಡೆ ಕೊಬ್ಬರಿ ರಾಶಿಯ ಮುಂದೆ ಹೀಗೇ ಬಗ್ಗುತ್ತಿದ್ದರು. ಒಂದನ್ನು ಕೈಗೆತ್ತಿ, ತಿರುವಿ, ಬಣ್ಣ ನೋಡಿ ಒಂದು ಬೆಲೆ ಹೇಳಿದರೆ ರೈತ ಎಷ್ಟೇ ಗೊಣಗಿದರೂ ಮಾತು ಬದಲಾಗುತ್ತಿರಲಿಲ್ಲ. ಯಾವ ಗೂಟವೂ ಇರಲಿಲ್ಲ ಅಲ್ಲಿ, ಕಿತ್ತರೆ ಕಿತ್ತ ಅನ್ನುವುದಕ್ಕೆ. ಬರೀ ಕಣ್ಣು. ಮಾವ, ನಲವತ್ತು ವರ್ಷ ನೀವು ಮಾಡಿದ್ದೂ ಆ ಏಳು ಜನ ಮಾಡುವ ಕೆಲಸವನ್ನೇ ಅಲ್ಲವೇ ಎಂದು ಕೇಳಿದೆ.

ಉತ್ತರ ಬರಲಿಲ್ಲ. ಮಾವ ಒಂದು ಕುದುರೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.

"ಆರೂವರೆ" ಅಂದರು.

"ಅಷ್ಟೇನಾ? ಹೊಯ್ಸಳರ ಕುದುರೆ ಮಾವ!"

"ಕುದುರೆಗೆ ಒಂಬತ್ತು ಕೊಡ್ತಿದ್ದೆ ಕಣೋ. ಮೇಲೆ ಕೂತಿರೋನು ಲಗಾಮು ಜಗ್ಗಿದಾನೆ, ಬಾಯಿ ನೋಡು ಅದರದ್ದು. ಅದಕ್ಕೆ ಎರಡೂವರೆ ಕಳೆದೆ."

ಆಮೇಲೆ ಅವರನ್ನು ಅಲ್ಲಿಂದ ಎಬ್ಬಿಸುವುದು ಕಷ್ಟವಾಯಿತು. ಮೂಲೆ ಮೂಲೆ ಸುತ್ತಿ ಎಲ್ಲಕ್ಕೂ ಅಂಕ ಹಾಕಿದರು. ನೀವು ಹಳೇಬೀಡಿಗೆ ಹೋದಾಗ ಆ ಸಾಲಿನ ಮುಂದೆ ಒಂದು ನಿಮಿಷ ಬಗ್ಗಿ, ನಿಮ್ಮ ಅಂಕ ನೀವೇ ಕೊಡಿ. ಬಾಯಲ್ಲಿ ಹೇಳಿ ಸಾಕು, ದಯವಿಟ್ಟು ಕಲ್ಲಿನ ಮೇಲೆ ಬರೆಯಬೇಡಿ.